ಶುಶ್ರೂಷೆ ಎಂಬ ವಿದ್ಯೆ

ರೋಗಿಯ ಆರೈಕೆಗೆ ನಾವು ಬಳಸುವ ‘ಶುಶ್ರೂಷೆ’ ಎಂಬ ಮಾತು ಸಂಸ್ಕೃತದಿಂದ ಬಂದುದು. ‘ಶ್ರು’ ಎಂದರೆ ಕೇಳು. ಆ ಧಾತುವಿನ ಇಚ್ಛಾರ್ಥಕ ರೂಪದಿಂದ ಹುಟ್ಟಿದ ಈ ಪದಕ್ಕೆ ‘ಕೇಳಬೇಕೆಂಬ ಬಯಕೆ’ ಎಂಬುದೇ ಮೊದಲ ಅರ್ಥ. ಗುರುವಿನ ಮಾತನ್ನು ಕೇಳಬಯಸಿದ ಶಿಷ್ಯನು ಅವನ ಸೇವೆಗೆ ನಿಂತನು. ಕೇಳುವ ಬಯಕೆಯೇ ಸೇವೆಯಾಯಿತು. ಕನ್ನಡದಲ್ಲಿ ಅದೇ ಪದ ರೋಗಿಯ ಹಾಸಿಗೆಯ ಬಳಿಗೂ ಬಂದಿತು. ವಿದ್ಯಾರ್ಥಿಯ ಗುಣಕ್ಕೂ ದಾದಿಯ ಕೆಲಸಕ್ಕೂ ಒಂದೇ ಹೆಸರು ದೊರೆತಿರುವುದು ಯೋಚಿಸತಕ್ಕ ಸಂಗತಿ.

ಕರುಣೆ ಹುಟ್ಟುಗುಣ, ಅದನ್ನು ಕಲಿಸಲಾಗದು ಎನ್ನುವವರುಂಟು. ನಮ್ಮ ಪ್ರಾಚೀನರು ಹಾಗೆ ಭಾವಿಸಿದಂತೆ ತೋರುವುದಿಲ್ಲ. ಚರಕಸಂಹಿತೆಯು ವೈದ್ಯವೃತ್ತಿಯನ್ನು ನಾಲ್ಕು ಬಗೆಯಾಗಿ ವಿವರಿಸುವಾಗ, ಆರ್ತರಲ್ಲಿ ತೋರುವ ಕಾರುಣ್ಯವನ್ನೂ ಅವುಗಳಲ್ಲಿ ಒಂದಾಗಿ ಎಣಿಸುತ್ತದೆ. ಕರುಣೆ ಅಲ್ಲಿ ವೈದ್ಯನ ಸ್ವಭಾವಕ್ಕೆ ಬಿಟ್ಟ ಮಾತಲ್ಲ, ಅವನ ಕಸುಬಿನ ಅಂಗ.

ಕಲಿಸಬಹುದೇ ಎಂಬ ಪ್ರಶ್ನೆಗಿಂತ ಕಳವಳಕಾರಿಯಾದ ಪ್ರಶ್ನೆ ಇನ್ನೊಂದಿದೆ: ಇದ್ದ ಕರುಣೆಯನ್ನು ಶಿಕ್ಷಣವೇ ಕಳೆಯುವುದುಂಟೇ? ಅಮೆರಿಕದ ಫಿಲಡೆಲ್ಫಿಯಾ ನಗರದ ಜೆಫರ್ಸನ್ ವೈದ್ಯಕೀಯ ಕಾಲೇಜಿನ ವಿದ್ವಾಂಸರು ತಮ್ಮ ವಿದ್ಯಾರ್ಥಿಗಳನ್ನು ವರ್ಷ ವರ್ಷವೂ ಗಮನಿಸಿ, 2009ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. ಪರರ ನೋವನ್ನು ಅರಿಯುವ ಗುಣವು ಮೂರನೆಯ ವರ್ಷದಲ್ಲಿ ಗಮನಾರ್ಹವಾಗಿ ಕುಗ್ಗುವುದನ್ನು ಅವರು ಕಂಡರು. ಅಲ್ಲಿನ ವಿದ್ಯಾರ್ಥಿಗಳು ತರಗತಿಯನ್ನು ಬಿಟ್ಟು ವಾರ್ಡುಗಳಿಗೆ ಕಾಲಿಡುವುದು ಆ ವರ್ಷದಲ್ಲಿಯೇ. ದೇಹ ರೋಗಿಗೆ ಹತ್ತಿರವಾದಾಗಲೇ ಮನಸ್ಸು ದೂರ ಸರಿಯಿತು! ಬಿಡುವಿಲ್ಲದ ದುಡಿಮೆ, ತಪ್ಪಾದೀತೆಂಬ ಅಂಜಿಕೆ, ಅನುಸರಿಸತಕ್ಕ ಹಿರಿಯರ ಅಭಾವ, ಇವೆಲ್ಲ ಕೂಡಿದಾಗ ರೋಗಿ ಮನುಷ್ಯನಾಗಿ ಉಳಿಯದೆ ಮಂಚದ ಸಂಖ್ಯೆಯಾಗುತ್ತಾನೆ.

ಇದಕ್ಕೆ ಪರಿಹಾರವೇನು? ನಮ್ಮ ನೆರೆಯ ವೆಲ್ಲೂರಿನ ಚರಿತ್ರೆ ಒಂದು ದಾರಿಯನ್ನು ತೋರಿಸುತ್ತದೆ. ಅಮೆರಿಕನ್ ಪಾದ್ರಿಗಳ ಮನೆತನದ ಐಡಾ ಸ್ಕಡರ್ ಹುಟ್ಟಿದ್ದು 1870ರಲ್ಲಿ. ತರುಣಿಯಾಗಿದ್ದಾಗ ಒಂದು ರಾತ್ರಿ ಮೂವರು ಗಂಡಸರು ಒಬ್ಬರಾದ ಮೇಲೊಬ್ಬರು ಬಂದು, ಹೆರಿಗೆಯ ಸಂಕಟದಲ್ಲಿದ್ದ ತಮ್ಮ ಹೆಂಡಿರಿಗೆ ನೆರವಾಗಬೇಕೆಂದು ಆಕೆಯನ್ನು ಬೇಡಿದರು. ಆಕೆಯ ತಂದೆ ವೈದ್ಯರು. ಆದರೆ ಪರಪುರುಷನು ಹೆಂಗಸನ್ನು ಮುಟ್ಟಲು ಅವರು ಒಪ್ಪಲಿಲ್ಲ. ಐಡಾಗೆ ವೈದ್ಯ ತಿಳಿಯದು. ಬೆಳಗಾಗುವಷ್ಟರಲ್ಲಿ ಮೂವರು ತಾಯಂದಿರೂ ತೀರಿಕೊಂಡರು. ಆ ರಾತ್ರಿ ಮರುಕಕ್ಕೆ ಕೊರತೆಯಿರಲಿಲ್ಲ, ವಿದ್ಯೆಗೆ ಕೊರತೆಯಿತ್ತು. ಆಕೆ ಅಮೆರಿಕಕ್ಕೆ ಹೋಗಿ 1899ರಲ್ಲಿ ವೈದ್ಯಪದವಿ ಪಡೆದು, 1900ರಲ್ಲಿ ವೆಲ್ಲೂರಿನಲ್ಲಿ ಚಿಕ್ಕದೊಂದು ಔಷಧಾಲಯವನ್ನು ತೆರೆದರು. 1909ರಲ್ಲಿ ದಾದಿಯರ ಶಾಲೆ, 1918ರಲ್ಲಿ ಹೆಣ್ಣುಮಕ್ಕಳ ವೈದ್ಯಶಾಲೆ ಆರಂಭವಾದವು. 1947ರಿಂದ ಗಂಡುಮಕ್ಕಳಿಗೂ ಅಲ್ಲಿ ಪ್ರವೇಶ ದೊರೆಯಿತು.

ಪಾಠ ಆಸ್ಪತ್ರೆಯ ಗೋಡೆಯೊಳಗೆ ಮುಗಿಯಲಿಲ್ಲ ಎಂಬುದೇ ಇಲ್ಲಿ ಮುಖ್ಯ. ಐಡಾ ಗುಡಿಯಾತ್ತಂ ರಸ್ತೆಯುದ್ದಕ್ಕೂ ಮರದ ನೆರಳಿನಲ್ಲಿ ನಿಂತು ಹಳ್ಳಿಗರಿಗೆ ಔಷಧ ಕೊಡುವ ಪದ್ಧತಿಯನ್ನು ಬೆಳೆಸಿದರು. ಆಕೆಯ ಕಾಲದ ತರುವಾಯವೂ ಆ ಕಾಲೇಜಿನ ಎಳೆಯ ವಿದ್ಯಾರ್ಥಿಗಳು ಹಳ್ಳಿಯಲ್ಲಿ ಕೆಲಕಾಲ ತಂಗಿ, ಮನೆಮನೆಗೆ ಹೋಗಿ ಜನರ ಬದುಕನ್ನು ಅರಿಯುವ ಏರ್ಪಾಡು ಬೆಳೆಯಿತು. ನೀರು ಎಷ್ಟು ದೂರದಿಂದ ಬರುತ್ತದೆ, ಆಸ್ಪತ್ರೆಗೆ ಹೋದ ದಿನ ಎಷ್ಟು ಕೂಲಿ ತಪ್ಪುತ್ತದೆ ಎಂದು ಕೇಳಿ ತಿಳಿದ ವಿದ್ಯಾರ್ಥಿ, ‘ಇಷ್ಟು ತಡವಾಗಿ ಏಕೆ ಬಂದೆ?’ ಎಂದು ರೋಗಿಯನ್ನು ಗದರಿಸುವ ಮೊದಲು ಒಂದು ಕ್ಷಣ ತಡೆಯುತ್ತಾನೆ. ಕರುಣೆ ಕಲಿತ ಗುರುತು ಆ ತಡೆ.

ಭಾರತದಲ್ಲಿ 2019ರಿಂದ ಎಂ.ಬಿ.ಬಿ.ಎಸ್. ಪಠ್ಯಕ್ರಮದಲ್ಲಿ ಮನೋಧರ್ಮ, ನೀತಿ ಮತ್ತು ಸಂವಹನಗಳ ಪಾಠ ಸೇರಿದೆ. ಸ್ವಾಗತಾರ್ಹವಾದ ಕ್ರಮ. ಆದರೆ ವಿದ್ಯಾರ್ಥಿಯು ಪುಸ್ತಕಕ್ಕಿಂತ ಹೆಚ್ಚಾಗಿ ಓದುವುದು ತನ್ನ ಗುರುವನ್ನು. ಗುರು ಪರೀಕ್ಷೆಗೆ ಮುನ್ನ ತೆರೆ ಎಳೆಯುವನೇ, ರೋಗಿಯ ಹೆಸರು ಹಿಡಿದು ಮಾತಾಡಿಸುವನೇ, ಬಡವಿಯ ಮಾತು ಮುಗಿಯುವ ತನಕ ಕಾಯುವನೇ ಎಂಬುದನ್ನು ಹಿಂದೆ ನಿಂತ ಇಪ್ಪತ್ತು ಕಣ್ಣುಗಳು ನೋಡುತ್ತಿರುತ್ತವೆ. ಹಿರಿಯನು ಕೇಳಿಸಿಕೊಂಡರೆ ಕಿರಿಯನೂ ಕೇಳಿಸಿಕೊಂಡಾನು. ಶುಶ್ರೂಷೆಯ ಮೊದಲ ಪಾಠ ಅಷ್ಟೆ.