ಬೆಲ್ಟು ಬದಲಿಸಿದ ಮೇಲೆ ಇಂಜಿನ್ ಸದ್ದು ಮಾಡಿದರೆ

ನಮ್ಮ ಸಂಘದ ಸದಸ್ಯರಲ್ಲಿ ಬಹಳ ಮಂದಿಯ ಮನೆಯಂಗಳದಲ್ಲಿ ಇಂದಿಗೂ ಒಂದು ಹಳೆಯ ಮಾರುತಿ ಓಮ್ನಿಯೋ, 800 ಕಾರೋ, ಜಿಪ್ಸಿಯೋ ನಿಂತಿರುತ್ತದೆ. 800 ಕಾರಿನ ತಯಾರಿಕೆ 2014ರಲ್ಲಿ, ಓಮ್ನಿಯದು 2019ರಲ್ಲಿ ನಿಂತುಹೋಯಿತು. ಆದರೂ ಗೊಬ್ಬರದ ಚೀಲ, ಪೇಟೆಯ ದಿನಸಿ, ಆಸ್ಪತ್ರೆಯ ಓಡಾಟ ಎಲ್ಲಕ್ಕೂ ಇವೇ ಆಗಬೇಕು. ಈ ವಾಹನಗಳ ಟೈಮಿಂಗ್ ಬೆಲ್ಟನ್ನು ಹೊಸದಾಗಿ ಹಾಕಿಸಿದ ಮೇಲೆ ಹಿಂದೆ ಇಲ್ಲದ ಸದ್ದು ಶುರುವಾಯಿತೆಂದು ದೂರುವವರನ್ನು ಕಂಡಿದ್ದೇನೆ. ನನಗೂ ಹಾಗೇ ಆಯಿತು. ಒಂದು ಮೂಟೆ ಪಾರ್ಚ್‌ಮೆಂಟ್ ಕಾಫಿ ಮಾರಿದಷ್ಟು ಹಣ ವೃಥಾ ಹೋಗುವುದರಲ್ಲಿತ್ತು, ಹೇಗೋ ತಪ್ಪಿತು. ಅದನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಕೊಯ್ಲು ಮುಗಿದ ಮೇಲೆ ಓಮ್ನಿಯಲ್ಲಿ ಬೆಂಗಳೂರಿಗೆ, ಓಕಳಿಪುರಂನ ಅಕ್ಕನ ಮನೆಗೆ ಹೋಗಿದ್ದೆ. ದೊಡ್ಡ ರೈಲ್ವೆ ನಿಲ್ದಾಣಕ್ಕೆ ಹತ್ತಿರದಲ್ಲಿ, ಶ್ರೀರಾಮಪುರ, ಶೇಷಾದ್ರಿಪುರಗಳಿಗೆ ಅಂಟಿಕೊಂಡಿರುವ ಹಳೆಯ ಬಡಾವಣೆ ಅದು. ಹೇಗೂ ಬಂದದ್ದಾಯಿತು, ವರ್ಷಗಳಿಂದ ಬದಲಿಸದ ಬೆಲ್ಟನ್ನು ಇಲ್ಲೇ ಹಾಕಿಸಿಬಿಡೋಣವೆಂದು ನಗರದ ಒಂದು ಗ್ಯಾರೇಜಿಗೆ ಕೊಟ್ಟೆ. ಸಂಜೆ ಗಾಡಿ ಕೈಗೆ ಬಂತು. ಮರುದಿನ ಬೆಳಿಗ್ಗೆ ಚಾಲೂ ಮಾಡಿದರೆ ಸೀಟಿನ ಕೆಳಗಿನಿಂದ ಕುಂಯ್ಯೆಂಬ ಸಣ್ಣ ಕೂಗು. ಆಕ್ಸಿಲರೇಟರ್ ಒತ್ತಿದಷ್ಟೂ ಕೂಗು ಏರುತ್ತಿತ್ತು. ಇಂಜಿನ್ ಕಾದ ಮೇಲಂತೂ ಇನ್ನೂ ಜೋರು. ಅದೇ ಗ್ಯಾರೇಜಿಗೆ ಹೋದಾಗ, "ಹಳೇ ಗಾಡಿ ಸಾರ್, ಒಳಗೆ ಸವೆದಿದೆ, ಇಂಜಿನ್ ಇಳಿಸಿ ಬೋರ್ ಮಾಡಿಸಬೇಕು" ಎಂದರು. ಭಾವನವರು ಒಪ್ಪಲಿಲ್ಲ. ತಮ್ಮ ಬೀದಿಯ ಹಿಂದಿನ ಗಲ್ಲಿಯಲ್ಲಿದ್ದ ಹಿರಿಯ ಮೇಸ್ತ್ರಿಯ ಬಳಿಗೆ ಕರೆದೊಯ್ದರು.

ಆ ಮೇಸ್ತ್ರಿ ಇಂಜಿನ್ ನೋಡುವ ಮೊದಲು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: "ನಿನ್ನೆ ಕೈ ಹಾಕೋಕೆ ಮುಂಚೆ ಈ ಸದ್ದು ಇತ್ತಾ ಸ್ವಾಮಿ?" ಇರಲಿಲ್ಲ ಎಂದೆ. "ಹಾಗಾದ್ರೆ ನಿನ್ನೆ ಎಲ್ಲೆಲ್ಲಿ ಕೈ ಹಾಕಿದ್ರೋ ಅಲ್ಲೇ ಹುಡುಕೋಣ. ಬೋರ್ ಒಂದೇ ರಾತ್ರೀಲಿ ಸವೆಯಲ್ಲ."

ಬೆಲ್ಟಿನ ಕೆಲಸವೇನೆಂದು ತಿಳಿಯದಿದ್ದರೆ ಸದ್ದಿನ ಅರ್ಥವೂ ಆಗುವುದಿಲ್ಲ. ಇಂಜಿನ್ನಿನ ಕೆಳಗೆ ಪಿಸ್ಟನ್ನುಗಳು ತಿರುಗಿಸುವ ಕ್ರ್ಯಾಂಕು, ಮೇಲೆ ವಾಲ್ವುಗಳನ್ನು ತೆರೆಯುವ ಕ್ಯಾಮ್. ಕ್ರ್ಯಾಂಕು ಎರಡು ಸುತ್ತು ಬರುವಷ್ಟರಲ್ಲಿ ಕ್ಯಾಮ್ ಸರಿಯಾಗಿ ಒಂದು ಸುತ್ತು ಬರಬೇಕು. ಅಂಬಾಸಡರ್, ಫಿಯೆಟ್ ಕಾರುಗಳಲ್ಲಿ ಇವೆರಡನ್ನೂ ಜೋಡಿಸಿದ್ದು ಎಣ್ಣೆಯಲ್ಲಿ ನೆನೆಯುತ್ತಿದ್ದ ಕಬ್ಬಿಣದ ಚೈನು. ಅದರ ಬದಲು ಹಲ್ಲಿರುವ ರಬ್ಬರ್ ಬೆಲ್ಟು ಕಾರಿಗೆ ಮೊದಲು ಬಂದದ್ದು 1962ರಲ್ಲಿ, ಜರ್ಮನಿಯ ಗ್ಲಾಸ್ ಕಂಪನಿಯ ಕಾರಿನಲ್ಲಿ. ನಮ್ಮ ಕಡೆ ಅದು ಮನೆಮನೆಗೆ ಬಂದದ್ದು 1983ರ ಡಿಸೆಂಬರಿನಲ್ಲಿ ಮಾರುತಿ ಹೊರಟ ಮೇಲೆ. ಪಲ್ಪರಿನ ಅಥವಾ ಪಂಪ್‌ಸೆಟ್ಟಿನ ಬೆಲ್ಟು ಕೊಂಚ ಜಾರಿದರೆ ಕೆಲಸ ನಿಧಾನವಾದೀತು, ಅಷ್ಟೆ. ಟೈಮಿಂಗ್ ಬೆಲ್ಟು ಒಂದು ಹಲ್ಲಿನಷ್ಟೂ ಜಾರುವಂತಿಲ್ಲ. ಎಷ್ಟೋ ಇಂಜಿನ್ನುಗಳಲ್ಲಿ ಬೆಲ್ಟು ತುಂಡಾದರೆ ತೆರೆದ ವಾಲ್ವಿಗೆ ಪಿಸ್ಟನ್ ಬಡಿದು ವಾಲ್ವು ಬಾಗುತ್ತದೆ.

ಮೇಸ್ತ್ರಿ ಮೊದಲು ಮಾಡಿದ ಪರೀಕ್ಷೆ ಬಹಳ ಸುಲಭದ್ದು. ಟೈಮಿಂಗ್ ಬೆಲ್ಟಿಗೆ ಕೈ ಹಾಕಬೇಕಾದರೆ ಅದರ ಮುಂದಿರುವ ಡೈನಮೋ ಬೆಲ್ಟನ್ನು ಬಿಚ್ಚಲೇಬೇಕು. (ಓಮ್ನಿಯಲ್ಲಿ, 800 ಕಾರಿನಲ್ಲಿ ಅದು ಫ್ಯಾನು ತಿರುಗಿಸುವುದಿಲ್ಲ, ಆದರೂ ನಾವೆಲ್ಲ ಫ್ಯಾನ್ ಬೆಲ್ಟು ಎಂದೇ ಕರೆಯುತ್ತೇವೆ.) ಮರಳಿ ಹಾಕುವಾಗ ಸಡಿಲ ಬಿಟ್ಟರೆ ಅದು ಕೀಚಲು ದನಿ ತೆಗೆಯುತ್ತದೆ. ಚಾಲೂ ಮಾಡಿದ ಕ್ಷಣದಲ್ಲಿ, ದೀಪ ಹಾಕಿದಾಗ ಆ ಕೀಚಲು ಹೆಚ್ಚು. ಅದರ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿದಾಗ ಸದ್ದು ಬದಲಾದರೆ ಅಥವಾ ಒಂದು ಗಳಿಗೆ ನಿಂತರೆ ಕಾರಣ ಅದೇ ಎಂದು ತಿಳಿಯಬಹುದು. ಇನ್ನೂ ಖಾತ್ರಿ ಬೇಕಾದರೆ ಆ ಬೆಲ್ಟನ್ನು ಪೂರ್ತಿ ಬಿಚ್ಚಿ ತಣ್ಣಗಿರುವ ಇಂಜಿನ್ನನ್ನು ಕೆಲವೇ ಸೆಕೆಂಡು ಓಡಿಸಬೇಕು. ಈ ಇಂಜಿನ್ನಿನಲ್ಲಿ ನೀರಿನ ಪಂಪೂ ಅದರಿಂದಲೇ ತಿರುಗುವುದರಿಂದ ಅರ್ಧ ನಿಮಿಷಕ್ಕಿಂತ ಹೆಚ್ಚು ಓಡಿಸಬಾರದು. ನನ್ನ ಗಾಡಿಯಲ್ಲಿ ಬೆಲ್ಟು ಬಿಚ್ಚಿದರೂ ಕುಂಯ್ ನಿಲ್ಲಲಿಲ್ಲ. ಅಂದರೆ ಫ್ಯಾನ್ ಬೆಲ್ಟು, ಡೈನಮೋ, ನೀರಿನ ಪಂಪು ಮೂರೂ ಒಟ್ಟಿಗೆ ನಿರಪರಾಧಿಗಳು.

ಅನಂತರ ಉದ್ದನೆಯ ಸ್ಕ್ರೂ ಡ್ರೈವರಿನ ಹಿಡಿಯನ್ನು ಕಿವಿಗೆ ಒತ್ತಿ, ತುದಿಯನ್ನು ಇಂಜಿನ್ನಿನ ಒಂದೊಂದು ಭಾಗಕ್ಕೂ ಇಡುತ್ತ ಬಂದರು. ನಡುವೆ ಹತ್ತಿರದ ಹಳಿಯ ಮೇಲೆ ರೈಲು ಬಂತು. ಅದು ದಾಟುವವರೆಗೂ ಅವರು ಅಲ್ಲಾಡದೆ ಕಾದು ಮತ್ತೆ ಮೊದಲಿನಿಂದ ಹಿಡಿದರು. ಸ್ಕ್ರೂ ಡ್ರೈವರ್ ಬದಲು ಔಷಧಿ ಹೊಡೆಯುವ ಪೈಪಿನ ಎರಡು ಮೊಳದ ತುಂಡೂ ಆಗುತ್ತದೆ: ಒಂದು ತುದಿ ಕಿವಿಗೆ, ಇನ್ನೊಂದು ಸದ್ದಿನ ಹತ್ತಿರಕ್ಕೆ. ಈ ಕೆಲಸಕ್ಕೆ ಇಳಿಯುವವರು ಪಂಚೆಯ ಅಂಚು, ಹೆಗಲ ಮೇಲಿನ ಟವೆಲು ಇವನ್ನು ಮೊದಲು ತೆಗೆದಿಡಬೇಕು. ತಿರುಗುವ ಬೆಲ್ಟು ಬಟ್ಟೆಯನ್ನು ಹಿಡಿದರೆ ಬಿಡುವುದಿಲ್ಲ.

ಸದ್ದು ಟೆನ್ಷನರ್ ಬೇರಿಂಗ್ ಇರುವ ಕಡೆ ಸ್ಪಷ್ಟವಾಗಿ ಕೇಳಿಸಿತು. ಮುಚ್ಚಳ ತೆಗೆದು ಬೆಲ್ಟನ್ನು ಎರಡು ಬೆರಳಿನಲ್ಲಿ ಹಿಡಿದು ತಿರುಚಲು ನೋಡಿದರೆ ತಂಬೂರಿಯ ತಂತಿಯಂತೆ ಬಿಗಿ. ಮೇಸ್ತ್ರಿ ಹೇಳಿದ್ದಿಷ್ಟು: ಸುಜುಕಿಯ ಈ ಹಳೆಯ ಇಂಜಿನ್ನುಗಳಲ್ಲಿ ಬೆಲ್ಟನ್ನು ಬಿಗಿ ಮಾಡಬೇಕಾದದ್ದು ಟೆನ್ಷನರಿನ ಸ್ಪ್ರಿಂಗು, ಮನುಷ್ಯನ ತೋಳಲ್ಲ. ವಾಲ್ವುಗಳ ಟ್ಯಾಪೆಟ್ ಸ್ಕ್ರೂಗಳನ್ನು ಮೊದಲು ಸಡಿಲಿಸಿ, ಕ್ಯಾಮ್ ತಡೆಯಿಲ್ಲದೆ ತಿರುಗುವಂತೆ ಮಾಡಿ, ಗುರುತು ಕೂಡಿಸಿ ಬೆಲ್ಟು ಹಾಕಿ, ಸ್ಪ್ರಿಂಗಿಗೆ ಬಿಟ್ಟುಕೊಟ್ಟು ಕ್ರ್ಯಾಂಕನ್ನು ಅದರ ದಿಕ್ಕಿನಲ್ಲೇ ಎರಡು ಸುತ್ತು ಕೈಯಿಂದ ತಿರುಗಿಸಬೇಕು. ಆಗ ಬೆಲ್ಟು ತಾನೇ ಹದಕ್ಕೆ ಬರುತ್ತದೆ, ಆ ಬಳಿಕವೇ ಟೆನ್ಷನರಿನ ಬೋಲ್ಟು ಬಿಗಿಯಬೇಕು. ನನ್ನ ಗಾಡಿಯಲ್ಲಿ ಟೆನ್ಷನರನ್ನು ರಾಡಿನಿಂದ ಮೀಟಿ, ಹಾಗೇ ಒತ್ತಿಹಿಡಿದು ಬೋಲ್ಟು ಬಿಗಿದಿದ್ದರು. ಇಂಜಿನ್ ಕಾದಾಗ ಲೋಹ ಹಿಗ್ಗಿ ಬೆಲ್ಟು ಇನ್ನಷ್ಟು ಬಿಗಿಯಾಗುವುದರಿಂದಲೇ ಕೂಗು ಏರುತ್ತಿತ್ತು. ಜೊತೆಗೆ ಬೆಲ್ಟು ಮಾತ್ರ ಹೊಸದು, ಬೇರಿಂಗ್ ಹಳೆಯದೇ. ಅದನ್ನು ಬಿಚ್ಚಿ ಬೆರಳಿನಿಂದ ತಿರುಗಿಸಿದರೆ ಮರಳು ತುಂಬಿದಂತೆ ಒಣ ಸದ್ದು. ಭಾವನ ಮಗ ಜೆ.ಸಿ. ರಸ್ತೆಗೆ ಹೋಗಿ ಹೊಸ ಬೇರಿಂಗ್ ತಂದ. ಮಧ್ಯಾಹ್ನದೊಳಗೆ ಕೂಗು ನಿಂತಿತು.

ಎಲ್ಲರ ಗಾಡಿಯದೂ ಇದೇ ಕಾಯಿಲೆಯಾಗಿರಬೇಕೆಂದಿಲ್ಲ. ಬೆಲ್ಟು ಸಡಿಲವಾಗಿದ್ದರೆ ಕೂಗುವುದಿಲ್ಲ. ನಿಧಾನ ಓಟದಲ್ಲಿ ಪಟಪಟನೆ ಪ್ಲಾಸ್ಟಿಕ್ ಮುಚ್ಚಳಕ್ಕೆ ಬಡಿಯುತ್ತದೆ. ಬಿಗಿಗಿಂತ ಇದು ಅಪಾಯ, ಏಕೆಂದರೆ ಹಲ್ಲು ಹಾರುವುದು ಸಡಿಲ ಬೆಲ್ಟಿನಲ್ಲೇ. ಬರೀ ಕೆರೆಯುವ ಸದ್ದಾದರೆ ಮುಚ್ಚಳದ ಬೋಲ್ಟುಗಳನ್ನು ಎಣಿಸಿ ನೋಡಿ. ಒಂದೆರಡು ಬೋಲ್ಟು ಗ್ಯಾರೇಜಿನ ತಟ್ಟೆಯಲ್ಲೇ ಉಳಿದಿರುವುದುಂಟು.

ಮೇಲ್ಗಡೆಯಿಂದ ಟಿಕ್ ಟಿಕ್ ಎಂಬ ಹೊಲಿಗೆ ಯಂತ್ರದಂಥ ಸದ್ದು ಕೇಳಿದರೆ, ಸಡಿಲಿಸಿದ ಟ್ಯಾಪೆಟ್‌ಗಳನ್ನು ಕಡೆಗೆ ಫೀಲರ್ ಗೇಜ್ ಹಿಡಿದು ಸರಿ ಮಾಡಿಲ್ಲವೆಂದು ಅರ್ಥ. ಅದನ್ನು ಅರ್ಧ ಗಂಟೆಯ ಕೆಲಸದಲ್ಲಿ ಸರಿಪಡಿಸಬಹುದು. ತೀರಾ ಬಿಗಿಯಾಗಿ ಬಿಟ್ಟಿದ್ದರೆ ಸದ್ದೇ ಇರುವುದಿಲ್ಲ, ಆದರೆ ವಾಲ್ವು ಪೂರ್ತಿ ಮುಚ್ಚದೆ ಸುಡುತ್ತದೆ. ಆದ್ದರಿಂದ ಟಿಕ್ ಟಿಕ್ ಅಡಗಿಸಲೆಂದು ಅಂದಾಜಿನಲ್ಲಿ ಸ್ಕ್ರೂ ಬಿಗಿಸಿಕೊಂಡು ಬರುವುದು ಸಲ್ಲದು.

ಒಂದು ಹಲ್ಲು ತಪ್ಪಿ ಕೂತ ಬೆಲ್ಟು ಹೆಚ್ಚಾಗಿ ಸದ್ದಿನಿಂದಲ್ಲ, ನಡತೆಯಿಂದ ಸಿಕ್ಕಿಬೀಳುತ್ತದೆ. ಕ್ರ್ಯಾಂಕಿನ ಚಕ್ರಕ್ಕೆ 20 ಹಲ್ಲಿದ್ದರೆ ಒಂದು ಹಲ್ಲಿನ ತಪ್ಪು ಎಂದರೆ 18 ಡಿಗ್ರಿ. ಚಾಲೂ ಆಗಲು ತಡ, ನಿಂತಲ್ಲಿ ನಡುಕ, ಸೈಲೆನ್ಸರಿನಲ್ಲೋ ಕಾರ್ಬುರೇಟರಿನಲ್ಲೋ ಢಬ್ ಎಂಬ ಸಿಡಿತ, ಘಟ್ಟದಲ್ಲಿ ಎರಡನೇ ಗೇರಿಗೂ ಏರದಿರುವುದು ಇದರ ಲಕ್ಷಣಗಳು. ಇಲ್ಲೊಂದು ಮೋಸವಿದೆ. ಕಾರ್ಬುರೇಟರ್ ಕಾಲದ ಮಾರುತಿಗಳಲ್ಲಿ ಡಿಸ್ಟ್ರಿಬ್ಯೂಟರನ್ನು ತಿರುಗಿಸುವುದೂ ಕ್ಯಾಮೇ ಆದ್ದರಿಂದ, ಹಲ್ಲು ತಪ್ಪಿದಾಗ ಕಿಡಿ ಹಾರುವ ಹೊತ್ತೂ ತಪ್ಪುತ್ತದೆ. ಕೆಲವರು ಡಿಸ್ಟ್ರಿಬ್ಯೂಟರನ್ನು ಇಷ್ಟು ತಿರುಗಿಸಿ ಓಟವನ್ನು ಸರಿ ಮಾಡಿಕೊಡುತ್ತಾರೆ. ಕಿಡಿ ಸರಿಯಾಯಿತು, ವಾಲ್ವು ತಪ್ಪಾಗಿಯೇ ಉಳಿಯಿತು. ಎಳೆತ ಮತ್ತೆ ಬರುವುದಿಲ್ಲ, ಪೆಟ್ರೋಲು ಹೆಚ್ಚು ಕುಡಿಯುತ್ತದೆ. ಮುಚ್ಚಳ ತೆಗೆಸಿ ಎರಡೂ ಚಕ್ರಗಳ ಗುರುತು ನೋಡುವುದೊಂದೇ ದಾರಿ. ಕೆಳಗೆ ನೋಡಬೇಕಾದ ಗುರುತು ಹಲ್ಲಿನ ಚಕ್ರದ ಮೇಲಿನದು. ಹೊರಗಿನ ಪುಲ್ಲಿಯ ಗೀಟು ಇಗ್ನಿಷನ್ನಿಗೆ ಇರುವುದು, ಅದನ್ನು ನೋಡಿ ಬೆಲ್ಟು ಕೂರಿಸಿ ಎಡವಿದವರಿದ್ದಾರೆ.

ತಡ ಮಾಡದೆ ಇಂಜಿನ್ ನಿಲ್ಲಿಸಬೇಕಾದ ಸದ್ದು ಒಂದಿದೆ. ಕೆಳಗಡೆ ಪುಲ್ಲಿಯ ಹತ್ತಿರ ದಪ್ಪನೆಯ ಟಕ್ ಟಕ್ ಬಂದು, ಆಕ್ಸಿಲರೇಟರ್ ಒತ್ತಿ ಬಿಟ್ಟಾಗ ಬದಲಾದರೆ ಕ್ರ್ಯಾಂಕಿನ ನಡುವಿನ ದೊಡ್ಡ ಬೋಲ್ಟು ಸಡಿಲವಿರಬಹುದು. ಅದನ್ನು ಟಾರ್ಕ್ ರೆಂಚಿನಲ್ಲಿ ಬಿಗಿಯದೆ ಕೈ ಅಳತೆಗೆ ಬಿಟ್ಟರೆ ಪುಲ್ಲಿಯನ್ನು ಹಿಡಿದಿರುವ ಕೀಲಿಯೂ ಅದು ಕೂರುವ ಗಾಡಿಯೂ ತಿಂದುಹೋಗುತ್ತವೆ. ಆಮೇಲೆ ಕ್ರ್ಯಾಂಕನ್ನೇ ಬದಲಿಸುವ ಕಾಲ ಬರುತ್ತದೆ. ಊರಿಗೆ ಹೋಗಿ ನೋಡೋಣವೆಂದು ಹೊರಡಬೇಡಿ, ಎಳೆಸಿಕೊಂಡು ಹೋದರೂ ಚಿಂತೆಯಿಲ್ಲ.

ಕ್ವಾಲಿಸ್, 2.5 ಲೀಟರಿನ ಇನ್ನೋವಾ, ಇಂಡಿಕಾ ಡೀಸೆಲ್ ಇಟ್ಟವರಿಗೂ ಬೆಲ್ಟೇ. ಡೀಸೆಲ್ ಇಂಜಿನ್ನಿನಲ್ಲಿ ಪಿಸ್ಟನ್ನಿಗೂ ವಾಲ್ವಿಗೂ ನಡುವೆ ಜಾಗವೇ ಕಡಿಮೆ, ಆದಕಾರಣ ಅನುಮಾನವಿದ್ದಾಗ ಓಡಿಸಿ ನೋಡುವ ಪರೀಕ್ಷೆ ಬೇಡ. ಸ್ವಿಫ್ಟ್ ಡೀಸೆಲ್ ಮತ್ತು ಮಾರುತಿಯ ಕೆ ಸರಣಿಯ ಪೆಟ್ರೋಲ್ ಇಂಜಿನ್ನುಗಳಲ್ಲಿ ಮತ್ತೆ ಚೈನೇ ಬಂದಿದೆ. ಅವುಗಳಲ್ಲಿ ಬೆಲ್ಟು ಬದಲಿಸಿದೆವೆಂದು ಯಾರಾದರೂ ಬಿಲ್ಲು ಕೊಟ್ಟರೆ ಯಾವ ಬೆಲ್ಟೆಂದು ಕೇಳಿ.

ಬೆಲ್ಟಿನ ಆಯುಸ್ಸನ್ನು ಪುಸ್ತಕದಲ್ಲಿ ಕಿಲೋಮೀಟರಿನಲ್ಲಿ ಕೊಟ್ಟಿರುತ್ತಾರೆ. ನಮ್ಮ ತೋಟದ ಗಾಡಿಗಳು ಅಷ್ಟು ಓಡುವುದೇ ಇಲ್ಲ, ಮಳೆಗಾಲ ಪೂರ್ತಿ ಕೊಟ್ಟಿಗೆಯಲ್ಲೇ ನಿಂತಿರುತ್ತವೆ. ರಬ್ಬರಿಗೆ ವಯಸ್ಸೂ ಆಗುತ್ತದೆ. ಕ್ಯಾಮ್, ಕ್ರ್ಯಾಂಕುಗಳ ಎಣ್ಣೆ ಸೀಲು ಸೋರಿ ಬೆಲ್ಟು ಎಣ್ಣೆಯಲ್ಲಿ ನೆನೆದರೆ ಹೊಸ ಬೆಲ್ಟೂ ಬಾಳುವುದಿಲ್ಲ. ಆದ್ದರಿಂದ ಬೆಲ್ಟಿನ ಜೊತೆಗೇ ಟೆನ್ಷನರ್ ಬೇರಿಂಗ್, ಎರಡು ಸೀಲು ಹಾಕಿಸಿಕೊಳ್ಳಿ. ಬಿಚ್ಚುವ ಕೂಲಿ ಹೇಗೂ ಒಂದೇ. ಓಕಳಿಪುರಂ ಮೇಸ್ತ್ರಿ ಮುಚ್ಚಳದ ಒಳಬದಿಗೆ ಬಿಳಿ ಬಣ್ಣದಲ್ಲಿ ತಾರೀಕು, ಕಿಲೋಮೀಟರು ಎರಡನ್ನೂ ಬರೆದುಕೊಟ್ಟರು. ಬಿಚ್ಚಿದ ಹಳೆಯ ಬೆಲ್ಟು ಮನೆಯಲ್ಲಿದೆ. ಹಲ್ಲಿನ ಬುಡದಲ್ಲಿ ಕೂದಲೆಳೆಯ ಬಿರುಕುಗಳು ಬಿಟ್ಟಿವೆ, ನೋಡಬೇಕೆನ್ನುವ ಸದಸ್ಯರು ಬರಬಹುದು.