ಎರಡು ಡಿಸೆಂಬರ್, ಒಬ್ಬ ಕೋಚ್

2023ರ ಡಿಸೆಂಬರ್ 8ರ ರಾತ್ರಿ ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ಬೆಂಗಳೂರು ಎಫ್‌ಸಿ ತಂಡ ಮುಂಬೈ ಸಿಟಿ ಎಫ್‌ಸಿ ಎದುರು 0–4ರಿಂದ ಸೋತಿತು. ತವರಿನ ನೆಲ, ಎದುರಿಗೆ ಹಳೆಯ ಪೈಪೋಟಿಯ ತಂಡ. ಮರುದಿನವೇ ಕ್ಲಬ್ ತನ್ನ ಕೋಚ್ ಸೈಮನ್ ಗ್ರೇಸನ್ ಅವರನ್ನು ಕೈಬಿಟ್ಟಿತು. ಇಂಡಿಯನ್ ಸೂಪರ್ ಲೀಗ್‌ನ (ಐಎಸ್‌ಎಲ್) ಆ ಋತುವಿನಲ್ಲಿ ಆಗ ಆಗಿದ್ದುದು ಒಂಬತ್ತು ಪಂದ್ಯ. ಗೆದ್ದದ್ದು ಒಂದು, ಕೈಗೆ ಬಂದ ಅಂಕ ಏಳು.

ಚಿಕ್ಕಮಗಳೂರು ಜಿಲ್ಲೆಯ ವಸ್ತಾರೆ, ಆಲ್ದೂರು, ಮೂಡಿಗೆರೆ, ಕಳಸದ ಕಡೆ ಅದು ಅರೇಬಿಕಾ ಕಾಫಿ ಕೊಯ್ಲಿನ ಕಾಲ. ಹಗಲೆಲ್ಲ ಹಣ್ಣು ಕೊಯ್ಲು, ಸಂಜೆ ಅಳತೆ, ಅದು ಮುಗಿದರೆ ಪಲ್ಪರ್ ಕೆಲಸ. ಎಲ್ಲ ತೀರಿದ ಮೇಲೆ ಟಿ.ವಿ. ಮುಂದೆಯೋ ಮೊಬೈಲ್ ಮುಂದೆಯೋ ಕೂತು ಪಂದ್ಯ ನೋಡುವವರು ಈ ಗುಡ್ಡಗಳಲ್ಲೂ ಇದ್ದಾರೆ. ಬೆಂಗಳೂರಿಗೆ ಇಲ್ಲಿಂದ ಸುಮಾರು 250 ಕಿಲೋಮೀಟರ್ ದೂರ. ವಾರಾಂತ್ಯದ ಪಂದ್ಯವಾದರೆ ಬಸ್ಸು ಹತ್ತುವವರೂ ಉಂಟು. ಕೋಚ್ ಹೋದ ಸುದ್ದಿ ಬಂದಾಗ ಕಂಠೀರವದ ಗ್ಯಾಲರಿಯಲ್ಲಿ ಎದ್ದ ಪ್ರಶ್ನೆಯೇ ಇಲ್ಲಿನ ಬೇಕರಿಗಳ ಮುಂದೆಯೂ ಎದ್ದಿತು. ಇವರನ್ನು ಕಳಿಸಿದ್ದು ಸರಿಯೇ? ಇನ್ನೂ ಮುಂಚೆ ಕಳಿಸಬೇಕಿತ್ತೇ? ಒಂಬತ್ತು ತಿಂಗಳ ಹಿಂದೆ ತಂಡವನ್ನು ಫೈನಲ್‌ಗೆ ಮುಟ್ಟಿಸಿದ್ದು ಇದೇ ಮನುಷ್ಯನಲ್ಲವೇ?

ಈ ಚರ್ಚೆ ಕನ್ನಡ ನಾಡಿಗೆ ಹೊಸದು. ಫುಟ್‌ಬಾಲ್ ಹೊಸದಲ್ಲ. ಮೈಸೂರು ರಾಜ್ಯದ ತಂಡ 1946–47ರಲ್ಲಿ ಬಂಗಾಳವನ್ನು ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತ್ತು. 1952–53ರಲ್ಲಿ ಮತ್ತೊಮ್ಮೆ, 1967–68 ಮತ್ತು 1968–69ರಲ್ಲಿ ಬೆನ್ನು ಬೆನ್ನಿಗೆ ಗೆದ್ದಿತು. ಆ ದಿನಗಳಲ್ಲಿ ಜನರ ಜಗಳವೆಲ್ಲ ಆಟಗಾರರ ಬಗ್ಗೆ, ಆಯ್ಕೆದಾರರ ಬಗ್ಗೆ. ಎಚ್‌ಎಎಲ್, ಐಟಿಐಯಂಥ ಕಾರ್ಖಾನೆ ತಂಡಗಳಲ್ಲಿ ಆಟಗಾರರಿಗೆ ನೌಕರಿಯ ಭದ್ರತೆ ಇತ್ತು. ಪಕ್ಕದ ಗೆರೆಯಾಚೆ ನಿಂತ ಒಬ್ಬನ ತಲೆಯ ಮೇಲೆ ಇಡೀ ಋತುವಿನ ಸೋಲು ಗೆಲುವು ಹೊರಿಸುವ ರೂಢಿ ಇರಲಿಲ್ಲ.

ಆ ರೂಢಿ ಬಂದದ್ದು 2013ರ ಜುಲೈನಲ್ಲಿ, ಜೆಎಸ್‌ಡಬ್ಲ್ಯು ಸಮೂಹ ಬೆಂಗಳೂರು ಎಫ್‌ಸಿಯನ್ನು ಹುಟ್ಟುಹಾಕಿದಾಗ. ಕ್ಲಬ್ಬಿನ ಜೊತೆಗೇ ‘ವೆಸ್ಟ್ ಬ್ಲಾಕ್ ಬ್ಲೂಸ್’ ಎಂಬ ಅಭಿಮಾನಿ ಬಳಗವೂ ಹುಟ್ಟಿತು. ಪಶ್ಚಿಮದ ಗ್ಯಾಲರಿಯಲ್ಲಿ ತೊಂಬತ್ತು ನಿಮಿಷವೂ ನಿಂತೇ ಹಾಡುವ, ಕೂಗುವ ನೀಲಿ ಅಂಗಿಯ ಜನ. ಮ್ಯಾಂಚೆಸ್ಟರ್ ಯುನೈಟೆಡ್‌ನ ಯುವ ತಂಡದಲ್ಲಿ ಪಳಗಿದ್ದ ಆ್ಯಶ್ಲಿ ವೆಸ್ಟ್‌ವುಡ್ ಮೊದಲ ಕೋಚ್. ಅವರು ಮೊದಲ ಋತುವಿನಲ್ಲೇ, ಆಗ ದೇಶದ ಪ್ರಮುಖ ಲೀಗ್ ಆಗಿದ್ದ ಐ-ಲೀಗ್ ಗೆಲ್ಲಿಸಿದರು. 2015ರ ಮೇ 31ರಂದು ಕಂಠೀರವದಲ್ಲೇ ಮೋಹನ್ ಬಾಗಾನ್ ಕೊನೆಯ ನಿಮಿಷಗಳಲ್ಲಿ 1–1 ಸಮ ಮಾಡಿ ಪ್ರಶಸ್ತಿ ಕಿತ್ತುಕೊಂಡಿತು. ಮುಂದಿನ ವರ್ಷ ವೆಸ್ಟ್‌ವುಡ್ ಅದನ್ನು ಮರಳಿ ತಂದರು. ಅಂಥ ಕೋಚ್ ಬೇಕೋ ಬೇಡವೋ ಎಂದು ಯಾರು ಕೇಳುತ್ತಾರೆ? ಹಾಗಾಗಿ ಬೆಂಗಳೂರಿನ ಅಭಿಮಾನಿಗಳು ಗೆಲುವನ್ನು ಮೊದಲು ಕಲಿತರು. ಸೋಲಿನ ಪಾಠ ತಡವಾಗಿ ಬಂತು.

ಸ್ಪೇನ್‌ನ ಆಲ್ಬರ್ಟ್ ರೋಕಾ 2016ರಲ್ಲಿ ಬಂದರು. ಅದೇ ನವೆಂಬರ್‌ನಲ್ಲಿ ತಂಡ ದೋಹಾದಲ್ಲಿ ಎಎಫ್‌ಸಿ ಕಪ್ ಫೈನಲ್ ಆಡಿತು. ಭಾರತದ ಯಾವ ಕ್ಲಬ್ಬೂ ಅಲ್ಲಿವರೆಗೆ ಹೋಗಿರಲಿಲ್ಲ. ಇರಾಕ್‌ನ ವಾಯುಪಡೆ ತಂಡಕ್ಕೆ ಸೋತದ್ದು 0–1ರಿಂದ. ಆದರೆ ಅದರ ಬೆನ್ನಿಗೇ ಬಂದ ಐ-ಲೀಗ್‌ನಲ್ಲಿ ತಂಡ ಚೆನ್ನಾಗಿ ಆರಂಭಿಸಿ, ಆಮೇಲೆ ವಾರಗಟ್ಟಲೆ ಗೆಲುವನ್ನೇ ಕಾಣದೆ ನಾಲ್ಕನೆಯ ಸ್ಥಾನಕ್ಕೆ ಇಳಿಯಿತು. ಹಾಲಿ ಚಾಂಪಿಯನ್ನರಿಗೆ ಅದು ದೊಡ್ಡ ಪೆಟ್ಟು. ಕ್ಲಬ್ ಅಲುಗಾಡಲಿಲ್ಲ. ರೋಕಾ 2017ರ ಮೇನಲ್ಲಿ ಕಟಕ್‌ನಲ್ಲಿ ಮೋಹನ್ ಬಾಗಾನ್ ವಿರುದ್ಧ ಫೆಡರೇಷನ್ ಕಪ್ ಗೆದ್ದರು. ಮರುವರ್ಷ ಐಎಸ್‌ಎಲ್‌ಗೆ ಕಾಲಿಟ್ಟ ಮೊದಲ ಋತುವಿನಲ್ಲೇ 40 ಅಂಕಗಳೊಂದಿಗೆ ಅಂಕಪಟ್ಟಿಯ ತುದಿಯಲ್ಲಿ ನಿಂತರು.

ರೋಕಾ ಅವರ ಸಹಾಯಕರಾಗಿದ್ದ ಕಾರ್ಲೆಸ್ ಕ್ವಾದ್ರಾತ್ 2019ರ ಮಾರ್ಚ್‌ನಲ್ಲಿ ಐಎಸ್‌ಎಲ್ ಕಪ್ಪನ್ನೇ ತಂದರು. ಹೆಚ್ಚುವರಿ ಅವಧಿ ಮುಗಿಯಲು ಮೂರು ನಿಮಿಷವಿದ್ದಾಗ ರಾಹುಲ್ ಭೇಕೆ ತಲೆಯಿಂದ ಹೊಡೆದ ಗೋಲು ಫೈನಲ್ ಗೆಲ್ಲಿಸಿತು. ಅದೇ ಕ್ವಾದ್ರಾತ್ ಅವರನ್ನು ಕ್ಲಬ್ 2021ರ ಜನವರಿಯಲ್ಲಿ, ಸತತ ಮೂರು ಸೋಲಿನ ಬಳಿಕ, ಋತುವಿನ ನಡುವೆಯೇ ಬೀಳ್ಕೊಟ್ಟಿತು. ಕೋವಿಡ್ ಕಾಲವಾದ್ದರಿಂದ ಪಂದ್ಯಗಳೆಲ್ಲ ಗೋವಾದಲ್ಲಿ, ಖಾಲಿ ಗ್ಯಾಲರಿಗಳ ಮುಂದೆ ನಡೆಯುತ್ತಿದ್ದವು. ಕಪ್ ತಂದವರಿಗೆ ಚಪ್ಪಾಳೆ ತಟ್ಟಿ ಕಳಿಸುವ ಅವಕಾಶವೂ ಅಭಿಮಾನಿಗಳಿಗೆ ಸಿಗಲಿಲ್ಲ. ತಂಡ ಏಳನೆಯ ಸ್ಥಾನಕ್ಕೆ ಬಿದ್ದು, ಮೊದಲ ಬಾರಿಗೆ ಪ್ಲೇಆಫ್ ತಪ್ಪಿಸಿಕೊಂಡಿತು. ಕೋಚ್ ಬದಲಾದರೂ ಋತು ಬದಲಾಗಲಿಲ್ಲ. ಆಮೇಲೆ ಬಂದ ಜರ್ಮನಿಯ ಮಾರ್ಕೊ ಪೆಜ್ಜಾಯುವೊಲಿ ಒಂದು ಋತು ಪೂರೈಸಿ, ಆರನೆಯ ಸ್ಥಾನ ಪಡೆದು ಹೊರಟರು.

ಗ್ರೇಸನ್ ಕಥೆಯೇ ಬೇರೆ. ಈ ಚರ್ಚೆಯ ತಿರುಳೆಲ್ಲ ಅದರಲ್ಲಿದೆ.

ಇಂಗ್ಲೆಂಡಿನ ಗ್ರೇಸನ್ 2022ರ ಬೇಸಗೆಯಲ್ಲಿ ಬಂದರು. ಸೆಪ್ಟೆಂಬರ್ 18ರಂದು ಕೋಲ್ಕತ್ತದಲ್ಲಿ ಮುಂಬೈ ಸಿಟಿಯನ್ನು 2–1ರಿಂದ ಮಣಿಸಿ ಡ್ಯುರಾಂಡ್ ಕಪ್ ಎತ್ತಿದರು. ಆಮೇಲೆ ಶುರುವಾದದ್ದು ಸೋಲಿನ ಸಾಲು. ಆ ಡಿಸೆಂಬರ್ ಮುಗಿಯುವ ಹೊತ್ತಿಗೆ ಐಎಸ್‌ಎಲ್‌ನ 12 ಪಂದ್ಯಗಳಲ್ಲಿ ಎಂಟು ಸೋಲು, ಬರೀ 10 ಅಂಕ. ಪಂದ್ಯಕ್ಕೆ ಒಂದು ಅಂಕವೂ ಇಲ್ಲ. ಮುಂದೆ ಅವರ ಕೆಲಸ ಕಳೆದ 2023ರ ಡಿಸೆಂಬರ್‌ನ ಲೆಕ್ಕ ಹಿಡಿದರೂ ಅಷ್ಟೇ: ಒಂಬತ್ತು ಪಂದ್ಯ, ಏಳು ಅಂಕ. ಎರಡೂ ಡಿಸೆಂಬರ್‌ಗಳು ಅಂಕದ ಲೆಕ್ಕದಲ್ಲಿ ಅಕ್ಕಪಕ್ಕದಲ್ಲೇ ನಿಲ್ಲುತ್ತವೆ. ಮೊದಲ ಸಲ ಕ್ಲಬ್ ಅವರನ್ನು ಉಳಿಸಿಕೊಂಡಿತು.

ಉಳಿಸಿಕೊಂಡದ್ದಕ್ಕೆ ಸಿಕ್ಕಿದ್ದು ಸತತ ಎಂಟು ಗೆಲುವು. ಒಡಿಶಾ, ಚೆನ್ನೈಯಿನ್, ಕೇರಳ ಬ್ಲಾಸ್ಟರ್ಸ್, ಎಟಿಕೆ ಮೋಹನ್ ಬಾಗಾನ್, ಅಲ್ಲಿವರೆಗೆ ಆ ಲೀಗ್‌ನಲ್ಲಿ ಸೋಲನ್ನೇ ಕಾಣದಿದ್ದ ಮುಂಬೈ ಸಿಟಿ, ಕೊನೆಗೆ ಗೋವಾ. ಒಬ್ಬೊಬ್ಬರಾಗಿ ಎಲ್ಲರೂ ಸೋತರು. ಸುನಿಲ್ ಚೆಟ್ರಿ, ರಾಯ್ ಕೃಷ್ಣ ಅವರಂಥ ಹಳಬರ ಜೊತೆ ಶಿವಶಕ್ತಿ, ರೋಶನ್ ಸಿಂಗ್ ಅವರಂಥ ಎಳೆಯರು ಹೊಂದಿಕೊಂಡರು. ಬೆಂಗಳೂರು 34 ಅಂಕಗಳೊಂದಿಗೆ ನಾಲ್ಕನೆಯ ಸ್ಥಾನದಲ್ಲಿ ಲೀಗ್ ಮುಗಿಸಿತು. 2023ರ ಮಾರ್ಚ್ 3ರಂದು ಕಂಠೀರವದಲ್ಲಿ ಕೇರಳ ಬ್ಲಾಸ್ಟರ್ಸ್ ವಿರುದ್ಧದ ಪ್ಲೇಆಫ್ ಪಂದ್ಯದಲ್ಲಿ ಚೆಟ್ರಿ ಹೆಚ್ಚುವರಿ ಅವಧಿಯಲ್ಲಿ ತಟ್ಟನೆ ಹೊಡೆದ ಫ್ರೀ ಕಿಕ್ ಗೋಲಾಯಿತು. ಅದನ್ನು ಒಪ್ಪದ ಕೇರಳ ತಂಡ ಮೈದಾನ ಬಿಟ್ಟೇ ಹೋಯಿತು. ಮರುದಿನ, ಮಾರ್ಚ್ 4ರಂದು, ಅತ್ತ ರಿಯಾದ್‌ನಲ್ಲಿ ರವಿಬಾಬು ರಾಜು ತರಬೇತಿಯ ಕರ್ನಾಟಕ ತಂಡ ಮೇಘಾಲಯವನ್ನು 3–2ರಿಂದ ಸೋಲಿಸಿ 54 ವರ್ಷಗಳ ಬಳಿಕ ಸಂತೋಷ್ ಟ್ರೋಫಿ ಗೆದ್ದಿತು. ಕನ್ನಡ ನಾಡಿನ ಫುಟ್‌ಬಾಲ್‌ಗೆ ಅಂಥ ಎರಡು ದಿನಗಳು ಹಿಂದೆ ಯಾವಾಗ ಒಟ್ಟಿಗೆ ಬಂದಿದ್ದವೋ! ಐಎಸ್‌ಎಲ್ ಸೆಮಿಫೈನಲ್‌ನಲ್ಲಿ ಮುಂಬೈ ವಿರುದ್ಧ ಪೆನಾಲ್ಟಿಯಲ್ಲಿ 9–8ರ ಗೆಲುವು, ಫೈನಲ್‌ನಲ್ಲಿ ಪೆನಾಲ್ಟಿಯಲ್ಲೇ ಸೋಲು. ಏಪ್ರಿಲ್‌ನಲ್ಲಿ ಸೂಪರ್ ಕಪ್ ಫೈನಲ್ ಕೂಡ ಒಡಿಶಾ ಪಾಲಾಯಿತು.

ಹಾಗಿದ್ದರೆ ಮುಂದಿನ ಡಿಸೆಂಬರ್‌ನಲ್ಲಿ ಕೋಚ್ ಯಾಕೆ ಹೋದರು? ನಡುವಿನ ಬೇಸಗೆಯಲ್ಲಿ ಏನಾಯಿತೆಂದು ನೋಡಬೇಕು. ಹಿಂಬದಿಯ ಆಧಾರವಾಗಿದ್ದ ಸಂದೇಶ್ ಜಿಂಗನ್ ಗೋವಾಕ್ಕೆ ಹೋದರು, ರಾಯ್ ಕೃಷ್ಣ ಒಡಿಶಾಕ್ಕೆ, ಪ್ರಬೀರ್ ದಾಸ್ ಕೇರಳಕ್ಕೆ. ವರ್ಷಗಳಿಂದ ಬೆಂಗಳೂರಿನಲ್ಲೇ ಬೆಳೆದಿದ್ದ ಉದಾಂತ ಸಿಂಗ್ ಕೂಡ ಗೋವಾ ಸೇರಿದರು. ಎಂಟು ಪಂದ್ಯ ಗೆದ್ದ ತಂಡ ಹಾಗೇ ಉಳಿದಿರಲಿಲ್ಲ. ಕೋಚ್ ಉಳಿದಿದ್ದರು, ಆಮೇಲೆ ಅವರೂ ಹೋದರು. ಇಪ್ಪತ್ತೈದು ಆಟಗಾರರನ್ನು ಒಂದೇ ಬೆಳಗ್ಗೆ ಬದಲಿಸಲಾಗದು. ಒಪ್ಪಂದಗಳಿರುತ್ತವೆ, ಆಟಗಾರರ ವರ್ಗಾವಣೆಗೆ ಗೊತ್ತಾದ ಕಾಲವಿರುತ್ತದೆ. ಮಾಲೀಕರು ತಮ್ಮನ್ನು ತಾವೇ ಬದಲಿಸಿಕೊಳ್ಳುವುದಿಲ್ಲ. ಕೋಚ್ ಒಬ್ಬರೇ. ಒಂದು ಸಹಿಯಲ್ಲಿ ಮುಗಿಯುವ ಕೆಲಸ. ಯಾರ ತಪ್ಪು ಎಷ್ಟು ಎಂಬ ವಿಚಾರಣೆಗಿಂತ ಈ ಅನುಕೂಲವೇ ಅನೇಕ ಸಲ ತೀರ್ಮಾನ ಮಾಡಿಬಿಡುತ್ತದೆ.

ಹೊರಗಿನ ದೇಶಗಳಲ್ಲಿ ಈ ಜಗಳ ಹಳೆಯದು. 1989ರ ಡಿಸೆಂಬರ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಅಭಿಮಾನಿಗಳು ‘ಮೂರು ವರ್ಷದ ನೆಪ ಸಾಕು’ ಎಂಬರ್ಥದ ಬ್ಯಾನರ್ ಹಿಡಿದು ಆ್ಯಲೆಕ್ಸ್ ಫರ್ಗ್ಯುಸನ್ ಅವರಿಗೆ ಬಾಗಿಲು ತೋರಿಸಿದ್ದರು. ಕ್ಲಬ್ ಕೇಳಲಿಲ್ಲ. ಮುಂದಿನ ಮೇನಲ್ಲಿ ಎಫ್‌ಎ ಕಪ್ ಬಂತು, 2013ರಲ್ಲಿ ಅವರು ನಿವೃತ್ತರಾಗುವ ಹೊತ್ತಿಗೆ ಲೀಗ್ ಪ್ರಶಸ್ತಿಗಳೇ 13. 2017ರ ಮಾರ್ಚ್‌ನಲ್ಲಿ ಆರ್ಸೆನಲ್ ತಂಡ ವೆಸ್ಟ್ ಬ್ರಾಮ್‌ವಿಚ್‌ನಲ್ಲಿ ಆಡುತ್ತಿದ್ದಾಗ ಮೈದಾನದ ಮೇಲೆ ಎರಡು ಪುಟ್ಟ ವಿಮಾನಗಳು ಹಾರಿದವು. ಒಂದರ ಬಾಲದಲ್ಲಿ ಆರ್ಸೆನ್ ವೆಂಗರ್ ಹೋಗಲಿ ಎಂಬ ಬರಹ, ಇನ್ನೊಂದರಲ್ಲಿ ಅವರಲ್ಲಿ ನಮಗೆ ನಂಬಿಕೆ ಇದೆ ಎಂಬ ಬರಹ. ಒಂದೇ ತಂಡದ ಅಭಿಮಾನಿಗಳು ಕೈಯಿಂದ ದುಡ್ಡು ಹಾಕಿ ಆಕಾಶದಲ್ಲಿ ವಾದ ಮಾಡಿದ್ದರು.

ಈ ವಾದವನ್ನು ಅಂಕಿಗಳಿಂದ ಅಳೆದವರೂ ಇದ್ದಾರೆ. ಡಚ್ ಅರ್ಥಶಾಸ್ತ್ರಜ್ಞ ಬಾಸ್ ತೆರ್ ವೇಲ್ ನೆದರ್ಲೆಂಡ್ಸ್ ಲೀಗ್‌ನ 1986ರಿಂದ 2004ರವರೆಗಿನ ಫಲಿತಾಂಶಗಳನ್ನು ತೆಗೆದು ನೋಡಿದರು. ಕೋಚ್‌ನನ್ನು ತೆಗೆದ ಮೇಲೆ ತಂಡಗಳು ಚೇತರಿಸಿಕೊಂಡಿದ್ದು ನಿಜ. ಆದರೆ ಅಷ್ಟೇ ಕೆಟ್ಟ ಸ್ಥಿತಿಯಲ್ಲಿದ್ದು ಕೋಚ್‌ನನ್ನು ಉಳಿಸಿಕೊಂಡ ತಂಡಗಳೂ ಹೆಚ್ಚುಕಡಿಮೆ ಅಷ್ಟೇ ಚೇತರಿಸಿಕೊಂಡಿದ್ದವು. ಕೆಟ್ಟ ಕಾಲ ತಾನಾಗಿ ತಗ್ಗುವುದನ್ನು ಜನ ಹೊಸ ಕೋಚ್‌ನ ಖಾತೆಗೆ ಬರೆಯುತ್ತಿದ್ದರು.

ಜರ್ಮನಿಯ ಕಪ್ಪು ಕಾಡಿನ ಅಂಚಿನಲ್ಲಿರುವ ಫ್ರೈಬರ್ಗ್ ಕ್ಲಬ್ ಈ ಮಾತನ್ನು ಆಚರಣೆಗೆ ತಂದಿತು. ಅಲ್ಲಿನ ಕೋಚ್ ಕ್ರಿಸ್ಟಿಯಾನ್ ಸ್ಟ್ರೈಶ್ 2015ರಲ್ಲಿ ತಂಡದೊಂದಿಗೆ ಎರಡನೆಯ ದರ್ಜೆಗೆ ಜಾರಿದರು. ಕ್ಲಬ್ ಅವರನ್ನು ಇಟ್ಟುಕೊಂಡಿತು. ಒಂದೇ ವರ್ಷದಲ್ಲಿ ಅಲ್ಲಿ ಚಾಂಪಿಯನ್ ಆಗಿ ಮೇಲೆ ಬಂದರು, 2024ರವರೆಗೂ ಇದ್ದರು.

ಕಾಯುವುದೇ ಸರಿ ಎಂದು ಇದರಿಂದ ಹೇಳಲಾಗದು. ಅರೇಬಿಕಾ ಗಿಡ ನೆಟ್ಟವರು ಫಸಲಿಗೆ ಮೂರು ನಾಲ್ಕು ವರ್ಷ ಕಾಯುತ್ತಾರೆ. ಆದರೆ ಬಿಳಿ ಕಾಂಡಕೊರಕ ಹೊಕ್ಕ ಗಿಡವನ್ನು ಕಂಡರೆ ಅದೇ ಜನ ಹಿಂದೆಮುಂದೆ ನೋಡದೆ ಕಿತ್ತು ಸುಡುತ್ತಾರೆ. ಗಿಡದ ವಯಸ್ಸಿಗಿಂತ ಕಾಂಡದ ಸ್ಥಿತಿ ನೋಡಿ ಆಗುವ ತೀರ್ಮಾನ ಅದು. ಕೋಚ್ ವಿಷಯದಲ್ಲೂ ಅಂಕಪಟ್ಟಿಯ ಒಂದು ಸಾಲು ಸಾಕಾಗದು. ಆಟಗಾರರು ಇನ್ನೂ ಅವರ ಮಾತು ಕೇಳುತ್ತಿದ್ದಾರೆಯೇ, ಎಳೆಯರಿಗೆ ಅವಕಾಶ ಸಿಗುತ್ತಿದೆಯೇ, ಸೋತ ಪಂದ್ಯದಲ್ಲೂ ಅವಕಾಶಗಳು ಹುಟ್ಟುತ್ತಿವೆಯೇ ಎಂದು ನೋಡಬೇಕಾಗುತ್ತದೆ. 2022ರ ಡಿಸೆಂಬರ್ ಮುಗಿಯುವವರೆಗಿನ ಎಂಟು ಸೋಲುಗಳಲ್ಲಿ ಆರು ಒಂದೇ ಗೋಲಿನ ಅಂತರದವು. ಸೋಲು ಸೋಲೇ, ಆದರೆ ಆ ತಂಡ ಬದುಕಿತ್ತು.

ಗ್ರೇಸನ್ ಜಾಗಕ್ಕೆ 2023ರ ಡಿಸೆಂಬರ್‌ನಲ್ಲೇ ಸ್ಪೇನ್‌ನ ಜೆರಾರ್ಡ್ ಸರಗೋಸಾ ಬಂದರು. ತಂಡ 22 ಪಂದ್ಯಗಳಿಂದ 22 ಅಂಕ ಗಳಿಸಿ ಹತ್ತನೆಯ ಸ್ಥಾನದಲ್ಲಿ ನಿಂತಿತು. ಕ್ಲಬ್ಬಿನ ಚರಿತ್ರೆಯಲ್ಲೇ ಕೆಟ್ಟ ಫಲಿತಾಂಶ. ಇವರನ್ನೂ ಕಳಿಸಿ ಎಂದವರಿಗೆ ಆ ಅಂಕಪಟ್ಟಿಯೇ ಸಾಕ್ಷಿಯಾಗಿತ್ತು. ಈ ಸಲ ಕ್ಲಬ್ ಕೋಚ್‌ನನ್ನು ಉಳಿಸಿ ತಂಡವನ್ನು ಬದಲಿಸಿತು. ಚಾಂಪಿಯನ್ ಗೋಲಿನ ರಾಹುಲ್ ಭೇಕೆ ಮರಳಿದರು. ಆಲ್ಬರ್ಟೊ ನೊಗೆರಾ, ಹೋರ್ಹೆ ಪೆರೇರಾ ದಿಯಾಸ್, ಎಡ್ಗರ್ ಮೆಂಡೆಸ್, ಪೆಡ್ರೊ ಕಾಪೊ ಬಂದರು. 2024ರ ಸೆಪ್ಟೆಂಬರ್‌ನಲ್ಲಿ ಈಸ್ಟ್ ಬೆಂಗಾಲ್ ವಿರುದ್ಧದ ಮೊದಲ ಪಂದ್ಯದ ಏಕೈಕ ಗೋಲು ಹೊಡೆದದ್ದು 19ರ ಹುಡುಗ ವಿನೀತ್ ವೆಂಕಟೇಶ್. ಅದೇ ತಿಂಗಳು ಮೋಹನ್ ಬಾಗಾನ್ ಕಂಠೀರವದಲ್ಲಿ 0–3ರಿಂದ ಸೋತಿತು.

ಜನವರಿಯಲ್ಲಿ ಮತ್ತೆ ಕುಸಿತ. ಕೊನೆಗೆ ಲೀಗ್‌ನ ತಳದಲ್ಲೇ ಉಳಿದ ಮೊಹಮ್ಮಡನ್ ತಂಡಕ್ಕೆ ತವರಲ್ಲೇ 0–1ರ ಸೋಲು. ಕೋಚ್ ಹೋಗಲಿ ಎಂಬ ಮಾತಿಗೆ ಮತ್ತೆ ಜೀವ ಬರಲು ಅಷ್ಟು ಸಾಕು. ಸರಗೋಸಾ ಉಳಿದರು. ತಂಡ 38 ಅಂಕಗಳೊಂದಿಗೆ ಮೂರನೆಯ ಸ್ಥಾನಕ್ಕೆ ಬಂತು. ಪ್ಲೇಆಫ್‌ನಲ್ಲಿ ಮುಂಬೈ ಸಿಟಿಯನ್ನು 5–0ರಿಂದ ಸೋಲಿಸಿತು. ಗ್ರೇಸನ್ ಕೆಲಸ ಕಳೆದ ಅದೇ ಮೈದಾನ, ಅದೇ ಎದುರಾಳಿ. ಗೋವಾ ವಿರುದ್ಧದ ಸೆಮಿಫೈನಲ್ ತೀರ್ಮಾನವಾದದ್ದು ಪಂದ್ಯದ ಕೊನೆಯ ಗಳಿಗೆಯಲ್ಲಿ ಚೆಟ್ರಿ ತಲೆಯಿಂದ ಹೊಡೆದ ಗೋಲಿನಿಂದ. ನಲವತ್ತರ ಚೆಟ್ರಿ ಆ ಋತುವಿನಲ್ಲಿ 14 ಗೋಲು ಗಳಿಸಿದ್ದರು. 2025ರ ಏಪ್ರಿಲ್ 12ರ ಫೈನಲ್‌ನಲ್ಲಿ ಮೋಹನ್ ಬಾಗಾನ್ ಹೆಚ್ಚುವರಿ ಅವಧಿಯಲ್ಲಿ 2–1ರಿಂದ ಗೆದ್ದಿತು. ಕಪ್ ಬರಲಿಲ್ಲ. ಆದರೂ ಹತ್ತನೆಯ ಸ್ಥಾನದಲ್ಲಿದ್ದಾಗ ಕೋಚ್‌ನನ್ನು ಉಳಿಸಿಕೊಂಡ ನಿರ್ಧಾರ ಸರಿಯಾಗಿತ್ತು.

ಇಂಥ ನಿರ್ಧಾರಗಳಲ್ಲಿ ಅಭಿಮಾನಿಗಳ ಮಾತಿಗೆ ಜಾಗವಿದೆಯೇ? ಜರ್ಮನಿಯ ಬಹುತೇಕ ಕ್ಲಬ್ಬುಗಳಲ್ಲಿ ಮತದ ಅರ್ಧಕ್ಕಿಂತ ಹೆಚ್ಚು ಪಾಲು ಸದಸ್ಯರ ಕೈಯಲ್ಲೇ ಇರಬೇಕೆಂಬ ನಿಯಮವಿದೆ. ನಮ್ಮಲ್ಲಿ ಟಿಕೆಟ್ ಕೊಳ್ಳುವವರಿಗೆ, ಗುಡ್ಡದಿಂದ ರಾತ್ರಿಯಿಡೀ ಪ್ರಯಾಣ ಮಾಡಿ ಬರುವವರಿಗೆ ಅಂಥ ಹಕ್ಕಿಲ್ಲ. ಕೇಳುವ ಹಕ್ಕಾದರೂ ಇರಲಿ. ಋತು ಶುರುವಾಗುವ ಮುನ್ನ ಈ ತಂಡದಿಂದ, ಈ ಕೋಚ್‌ನಿಂದ ಏನು ನಿರೀಕ್ಷಿಸಲಾಗಿದೆ ಎಂದು ಕ್ಲಬ್ ಹೇಳಲಿ. ಯಾರನ್ನು ಮಾರಲಾಯಿತು, ಯಾಕೆ ಎಂದೂ ತಿಳಿಸಲಿ. ಅಭಿಮಾನಿಗಳು ಮುಂದಿನ ಬಾರಿ ಕೋಚ್ ಹೆಸರಿನ ಬ್ಯಾನರ್ ಬರೆಯಲು ಕೂತಾಗ, ಆ ಎರಡು ಪ್ರಶ್ನೆಗಳನ್ನು ಅದರ ಮೇಲೆ ಮೊದಲು ಬರೆಯಲಿ.