ಕಬಿನಿ ಹಿನ್ನೀರಿನಲ್ಲಿ ಮೇವು, ಬೇಟೆ

ನಾಗರಹೊಳೆಯ ದಮ್ಮನಕಟ್ಟೆಯಿಂದ ಹೊರಟ ಸಫಾರಿ ಜೀಪಿನಲ್ಲಿ ಎಲ್ಲರದೂ ಒಂದೇ ಪ್ರಶ್ನೆ: ಹುಲಿ ಸಿಗುತ್ತಾ? ನನ್ನ ಕಣ್ಣು ಮಾತ್ರ ದಾರಿಯಲ್ಲಿ ಬಿದ್ದ ಆನೆ ಲದ್ದಿಯ ಮೇಲೆ. ಹುಲ್ಲಿನ ನಾರು, ತೊಗಟೆಯ ಎಳೆ, ಬಿದಿರಿನ ಚೂರು, ಎಲ್ಲವನ್ನೂ ಗುರುತು ಹಿಡಿಯಬಹುದು. ದಿನಕ್ಕೆ ಸುಮಾರು 150 ಕಿಲೋ ಮೇಯುವ ಆನೆಯ ಮೈಗೆ ಹತ್ತುವುದು ಅದರಲ್ಲಿ ಅರ್ಧಕ್ಕಿಂತ ಕಡಿಮೆ. ಹಾಗಾಗಿ ಹಗಲು ರಾತ್ರಿಯ ಬಹುಪಾಲು ಅದಕ್ಕೆ ತಿನ್ನುವುದೇ ಕೆಲಸ.

ತಿರುವು ಕಳೆದರೆ ಹಿನ್ನೀರು. ಬೇಸಿಗೆಯಲ್ಲಿ ನೀರು ಇಳಿದ ಕಡೆಯೆಲ್ಲ ಎಳೆಹುಲ್ಲು ಚಿಗುರಿದೆ. ಆನೆಗಳು ಹುಲ್ಲು ಕಿತ್ತು, ಬೇರಿನ ಮಣ್ಣು ಕೊಡವಿ ಬಾಯಿಗಿಡುತ್ತಿವೆ. ಅತ್ತ ನೆರಳಲ್ಲಿ ಕಾಟಿಗಳು ಮೆಲುಕು ಹಾಕುತ್ತಾ ಮಲಗಿವೆ. ಇಬ್ಬರದೂ ಒಂದೇ ಕಷ್ಟ. ಹುಲ್ಲಿನ ಸೆಲ್ಯುಲೋಸನ್ನು ಒಡೆಯುವ ಕಿಣ್ವ ಅವುಗಳ ದೇಹದಲ್ಲಿಲ್ಲ, ಸೂಕ್ಷ್ಮಜೀವಿಗಳನ್ನೇ ನಂಬಬೇಕು. ಕಾಟಿಯ ಮೊದಲ ಹೊಟ್ಟೆಯಲ್ಲಿ ಮೇವು ಇಡ್ಲಿಹಿಟ್ಟಿನ ಹಾಗೆ ಹುಳಿಯುತ್ತದೆ. ಆಗ ಹುಟ್ಟುವ ಕೊಬ್ಬಿನಾಮ್ಲಗಳೇ ಅದರ ಶಕ್ತಿಯ ಮುಖ್ಯ ಮೂಲ. ಮುಂದಿನ ಹೊಟ್ಟೆಗೆ ಹರಿದುಹೋದ ಸೂಕ್ಷ್ಮಜೀವಿಗಳೂ ಅಲ್ಲಿ ಜೀರ್ಣವಾಗಿ ಪ್ರೋಟೀನಾಗುತ್ತವೆ! ಹುಲ್ಲು ತಿಂದು ಅಷ್ಟು ದೊಡ್ಡ ಮಾಂಸಖಂಡ ಬೆಳೆಯುವುದು ಹೀಗೆ. ಆನೆಯಲ್ಲಿ ಈ ಹುಳಿಯುವಿಕೆ ನಡೆಯುವುದು ಜಠರ ದಾಟಿದ ಮೇಲೆ, ದೊಡ್ಡ ಕರುಳಿನಲ್ಲಿ. ಮೇವು ಬೇಗ ಸಾಗುತ್ತದೆ, ಸೂಕ್ಷ್ಮಜೀವಿಗಳು ಲದ್ದಿಯೊಡನೆ ಹೊರಬೀಳುತ್ತವೆ. ಮರಿಯಾನೆ ದೊಡ್ಡವರ ಲದ್ದಿ ತಿನ್ನುವುದು ಆ ಜೀವಿಗಳನ್ನು ಹೊಟ್ಟೆಗೆ ಇಳಿಸಿಕೊಳ್ಳಲಿಕ್ಕೇ.

ಜಿಂಕೆಯೊಂದು ಕೂಗಿತು. ಜೀಪು ನಿಂತಿತು. ಹುಲಿ ಕಾಣಲಿಲ್ಲ, ದಾರಿಯಂಚಿನಲ್ಲಿ ಅದರ ಹಿಕ್ಕೆಯಿತ್ತು: ಕೂದಲು, ಎಲುಬಿನ ಚೂರು. ಮಾಂಸ ಬಹುತೇಕ ಪೂರ್ತಿ ಅರಗಿದೆ. ಹುಲಿಯ ಕರುಳು ಗಿಡ್ಡ, ಹುಳಿಯಿಸುವ ಗೊಡವೆ ಅದಕ್ಕಿಲ್ಲ. ಪ್ರೋಟೀನು, ಕೊಬ್ಬು ನೇರವಾಗಿ ಸಿಗುತ್ತವೆ. ರಕ್ತಕ್ಕೆ ಬೇಕಾದ ಸಕ್ಕರೆಯನ್ನೂ ಯಕೃತ್ತು ಪ್ರೋಟೀನಿನಿಂದಲೇ ತಯಾರಿಸುತ್ತದೆ. ಕಷ್ಟವಿರುವುದು ಊಟ ದಕ್ಕಿಸಿಕೊಳ್ಳುವುದರಲ್ಲಿ. ಬೇಟೆ ತಪ್ಪುವುದೇ ಹೆಚ್ಚು. ಹಾಗಾಗಿ ಸಿಕ್ಕಾಗ ಒಂದೇ ಸಲಕ್ಕೆ 30 ಕಿಲೋವರೆಗೂ ತಿಂದು, ಆಮೇಲೆ ದಿನಗಟ್ಟಲೆ ಉಪವಾಸ ತಡೆದುಕೊಳ್ಳುತ್ತದೆ.

ಈ ಕಾಡಿನಲ್ಲೇ ದಶಕಗಳ ಕಾಲ ಹುಲಿಗಳ ಅಧ್ಯಯನ ಮಾಡಿದ ಉಲ್ಲಾಸ್ ಕಾರಂತರ ಲೆಕ್ಕದಲ್ಲಿ ಒಂದು ಹುಲಿಗೆ ವರ್ಷಕ್ಕೆ ಸುಮಾರು 50 ಬೇಟೆ ಬೇಕು. ಬೇಟೆಪ್ರಾಣಿಗಳ ಸಂತತಿ ಕುಗ್ಗದೆ ಅಷ್ಟು ಒದಗಬೇಕಾದರೆ ಆ ಹುಲಿಯ ವ್ಯಾಪ್ತಿಯಲ್ಲಿ ಸುಮಾರು 500 ಪ್ರಾಣಿಗಳು ಮೇಯುತ್ತಿರಬೇಕು. ಹಿನ್ನೀರು ಬಿಟ್ಟು ಒಳಗೆ ತಿರುಗಿದರೆ ಎರಡೂ ಬದಿ ಲಂಟಾನ ಹಬ್ಬಿದೆ. ಈ ಕಳೆ ದಟ್ಟವಾದ ಕಡೆ ನೆಲಕ್ಕೆ ಬೆಳಕಿಲ್ಲ, ಮೇಯುವ ಪ್ರಾಣಿಗಳಿಗೆ ಹುಲ್ಲೂ ಇಲ್ಲ. ಹುಲಿಯ ಊಟಕ್ಕೆ ಕಲ್ಲು ಬೀಳುತ್ತಿರುವುದು ಅಲ್ಲಿ, ಆದರೆ ಅದನ್ನು ನೋಡಲು ಯಾರೂ ಜೀಪು ನಿಲ್ಲಿಸಿ ಎನ್ನುವುದಿಲ್ಲ.